ಹನ್ನೊಂದನೆಯ ಫಾರಂ

ಸೋಮವಾರ ಬೆಳಿಗ್ಗೆ ವಿಟ್ ಆಲ್ಡರ್ಸಿ ಹನ್ನೊಂದು ಖಾಲಿ ಫಾರಂಗಳನ್ನು ತಂದು ಫಿಲೊಮಿನಾ ಹ್ಯಾನ್ರಟಿಯ ಮೇಜಿನ ಮೇಲಿಟ್ಟು, “ಫಿಲ್, ನಾವೆಲ್ಲ ಏನೇನು ಮಾಡಿದ್ವಿ ಅನ್ನೋದು ನಮಗಿಂತ ನಿನಗೇ ಚೆನ್ನಾಗಿ ಗೊತ್ತು. ನೀನೇ ತುಂಬಿಬಿಡು,” ಎಂದ. ಎಂದವನು ಕೋಟು ಹಾಕಿಕೊಂಡು ಊಟಕ್ಕೆ ಹೋದ. ಗಂಟೆ ಇನ್ನೂ ಹನ್ನೊಂದೂವರೆ.

ಫಿಲೊಮಿನಾಳಿಗೆ ಇದು ಹೊಸದೇನಲ್ಲ. ಕಾರ್ವಿತ್ ಬ್ಯಾಂಕಿನ ಹದಿನಾಲ್ಕನೆಯ ಮಹಡಿಯಲ್ಲಿ ಅವಳು ಇಪ್ಪತ್ತಾರು ವರ್ಷಗಳಿಂದ ವಿಟ್‌ನ ಸೆಕ್ರೆಟರಿ. ಅವನ ಹೆಂಡತಿಯ ಹುಟ್ಟುಹಬ್ಬಕ್ಕೆ ಹೂವು ಕಳಿಸುವವಳು ಅವಳು, ಅವನ ಭಾಷಣ ಬರೆಯುವವಳು ಅವಳು, ಸತ್ತವರ ಮನೆಗೆ ಅವನ ಹೆಸರಿನಲ್ಲಿ ಕಂಬನಿ ಮಿಡಿಯುವವಳೂ ಅವಳೇ. ಅರವತ್ತೊಂದು ವರ್ಷದ ಹೆಂಗಸು, ಮದುವೆಯಾಗಲಿಲ್ಲ. ಆಗಿದ್ದರೆ ಗಂಡನನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿರಲಿಲ್ಲವೇನೋ.

ಫಾರಂಗಳ ಹಿಂದೆ ವಾಷಿಂಗ್ಟನ್ನಿನ ಕಾನೂನು ಇತ್ತು. ಎರಡು ಸಾವಿರದ ಎಂಟರಲ್ಲಿ ಬ್ಯಾಂಕುಗಳೆಲ್ಲ ಮಗುಚಿಕೊಂಡ ಮೇಲೆ ದೊಡ್ಡವರು ಕೂತು ಯೋಚಿಸಿ, ಜನರ ಠೇವಣಿ ಕಾಯುವ ಬ್ಯಾಂಕು ತನ್ನ ಲಾಭಕ್ಕೆಂದು ಷೇರುಪೇಟೆಯಲ್ಲಿ ಪಣ ಕಟ್ಟಬಾರದು, ಹೂಡಿಕೆ ನಿಧಿಗಳ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣಬಾರದು ಎಂದು ಗೆರೆ ಎಳೆದಿದ್ದರು. ಗೆರೆ ಎಳೆದು ವರ್ಷಗಳಾದವು. ಬ್ಯಾಂಕು ಒಂದೊಂದೇ ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳುತ್ತ ಬಂದಿತ್ತು. ಮೊದಲು, ಬ್ಯಾಂಕಿನ ಸ್ವಂತ ಹಣದಲ್ಲಿ ಆಟವಾಡುತ್ತಿದ್ದ ಆರನೆಯ ಮಹಡಿಯ ಹುಡುಗರು ಪೆಟ್ಟಿಗೆ ಕಟ್ಟಿ ಮನೆಗೆ ಹೋದರು. ಆಮೇಲೆ ಬ್ಯಾಂಕು ನಡೆಸುತ್ತಿದ್ದ ನಿಧಿಗೆ ಬ್ಯಾಂಕಿನ ಹೆಸರು ಇರಕೂಡದೆಂದಾಯಿತು. ‘ಕಾರ್ವಿತ್ ನಿಧಿ’ಗೆ ಬೇರೆ ಹೆಸರು ಹುಡುಕಲು ಒಂಬತ್ತು ಜನ ಗಂಡಸರು ಮೂರು ವಾರ ಸಭೆ ಸೇರಿ, ಮುನಿಸಿಕೊಂಡು, ಕೊನೆಗೆ ‘ಗ್ರಾನೈಟ್ ರಿಜ್’ ಎಂದು ಇಟ್ಟರು. ಇಡೀ ಮ್ಯಾನ್‌ಹಾಟನ್ನಿನಲ್ಲಿ ಬಂಡೆ, ಗುಡ್ಡ, ಕೋಟೆ ಎಂದು ಹೆಸರಿಲ್ಲದ ನಿಧಿಯೇ ಇಲ್ಲ, ಅದಕ್ಕೊಂದು ಹೆಚ್ಚಾಯಿತು. ಹಳೆಯ ಹೆಸರಿನ ಇನ್ನೂರು ಕಾಫಿ ಮಗ್ಗುಗಳನ್ನು ಫಿಲೊಮಿನಾಳೇ ನಿಂತು ಕಸಕ್ಕೆ ಹಾಕಿಸಿದಳು.

ಈಗ, ಎರಡು ಸಾವಿರದ ಹದಿನೇಳರ ಮಾರ್ಚಿನಲ್ಲಿ, ಕೊನೆಯ ಗಂಟು ಉಳಿದಿತ್ತು. ನಿಧಿಯಲ್ಲಿ ಪಾಲು ಕೊಂಡಿದ್ದ ಬ್ಯಾಂಕಿನ ನೌಕರರು ಹನ್ನೊಂದು ಜನ. ಪಾಲು ಕೊಂಡ ಹೊತ್ತಿನಲ್ಲಿ ಆ ನಿಧಿಯ ಕೆಲಸವನ್ನು ನೇರವಾಗಿ, ತಮ್ಮ ಕೈಯಾರೆ ಮಾಡುತ್ತಿದ್ದವರು ಮಾತ್ರ ಅದನ್ನು ಇಟ್ಟುಕೊಳ್ಳಬಹುದು. ಉಳಿದವರು ಹಾಕಿದಷ್ಟು ಹಣವನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡು ಹೊರಗೆ ಹೋಗಬೇಕು. ಫಾರಂ ಸಲ್ಲಿಸಲು ಶುಕ್ರವಾರ ಸಂಜೆ ನಾಲ್ಕು ಗಂಟೆ ಗಡುವು.

ಆ ಹನ್ನೊಂದು ಜನರಲ್ಲಿ ಫಿಲೊಮಿನಾಳೂ ಒಬ್ಬಳು. ಹತ್ತು ವರ್ಷದ ಹಿಂದೆ, ಏಪ್ರಿಲ್ ತಿಂಗಳಲ್ಲಿ ನಿಧಿ ತೆರೆದಾಗ, ಕೂಡಿಟ್ಟಿದ್ದನ್ನೆಲ್ಲ ತಂದು ಅದಕ್ಕೆ ಸುರಿದಿದ್ದಳು. ನಿಧಿ ಕೊಂಡಿದ್ದವುಗಳಲ್ಲಿ ಈಗ ಉಳಿದಿರುವುದು ಒಹಾಯೊದ ಒಂದು ಬಣ್ಣದ ಕಾರ್ಖಾನೆ. ಬರುವ ಅಕ್ಟೋಬರಿನಲ್ಲಿ ಅದು ಒಳ್ಳೆಯ ಬೆಲೆಗೆ ಹೋಗಲಿತ್ತು. ಅಲ್ಲಿಯವರೆಗೆ ಪಾಲು ಕೈಯಲ್ಲಿದ್ದರೆ ಅವಳ ಮನೆ ಮೇಲೇಳುತ್ತದೆ. ಇಲ್ಲದಿದ್ದರೆ ಇಲ್ಲ.

ಮೇಲೇಳುವುದು ಎಂದರೆ ನಿಜವಾಗಿಯೇ ಮೇಲೇಳುವುದು. ಬ್ರೂಕ್ಲಿನ್ನಿನ ತುದಿಯಲ್ಲಿ, ಗೆರಿಟ್‌ಸನ್ ಬೀಚಿನ ಕಾಲುವೆಯ ಪಕ್ಕ ಅವಳ ಮನೆ. ಐದು ವರ್ಷದ ಹಿಂದಿನ ಚಂಡಮಾರುತದಲ್ಲಿ ಸಮುದ್ರ ಅಡುಗೆಮನೆಗೆ ಬಂದು ಎದೆಮಟ್ಟ ನಿಂತಿತ್ತು. ಅದಾದ ಮೇಲೆ ಎಡಗಡೆಯವರು ಮನೆಯನ್ನು ಬುಡಸಮೇತ ಎತ್ತಿಸಿ ಕಂಬಗಳ ಮೇಲೆ ಕೂರಿಸಿದರು, ಬಲಗಡೆಯವರೂ ಕೂರಿಸಿದರು. ನಡುವೆ ಇವಳದ್ದೊಂದೇ ಕುಳ್ಳಗೆ ಉಳಿಯಿತು. ಗಾಳಿ ಸ್ವಲ್ಪ ಜೋರಾಗಿ ಬೀಸಿದರೂ ಅವಳೂ ಅವಳ ತಂಗಿ ಊನಾ ಕೂಡ ಎದ್ದು ಹೋಗಿ ಕಾಲುವೆಯ ನೀರು ಎಷ್ಟಿದೆಯೆಂದು ನೋಡಿ ಬರುತ್ತಿದ್ದರು. ಐದು ವರ್ಷದಿಂದ ಆ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಕೂತಿಲ್ಲ.

ಸೋಮವಾರ, ಮಂಗಳವಾರ ಫಿಲೊಮಿನಾ ಹುರುಪಿನಿಂದಲೇ ಫಾರಂ ತುಂಬಿದಳು. ಎಲ್ಲದರ ಜೀವ ಇದ್ದದ್ದು ಎಂಟನೆಯ ಕಲಮಿನಲ್ಲಿ: ಪಾಲು ಕೊಂಡ ತಿಂಗಳಲ್ಲಿ ನಿಧಿಗಾಗಿ ನೀವು ಮಾಡಿದ ಕೆಲಸವೇನು? ನಿಧಿಯನ್ನು ನಿಜವಾಗಿ ನಡೆಸುತ್ತಿದ್ದವರು ಇಬ್ಬರು. ಅವರ ಫಾರಂ ಅರ್ಧ ಗಂಟೆಯಲ್ಲಿ ಮುಗಿಯಿತು. ಉಳಿದ ಎಂಟು ಜನ, ವಿಟ್‌ನನ್ನೂ ಸೇರಿಸಿ, ದೊಡ್ಡ ಕುರ್ಚಿಯಲ್ಲಿ ಕೂತ ತಪ್ಪಿಗೆ ಪಾಲು ಪಡೆದವರು. ಅವರಿಗೇನು ಬರೆಯುವುದು? ಆ ಏಪ್ರಿಲ್ಲಿನಲ್ಲಿ ಆದ ಕೆಲಸಗಳನ್ನೆಲ್ಲ ಅವಳು ನೆನೆಸಿಕೊಂಡಳು. ಮೇಜಿನ ಹಳೆಯ ಡೈರಿ ತೆಗೆದಳು. ಪಂಕ್ತಿಯಲ್ಲಿ ಎಲೆ ಎಲೆಗೂ ಬಡಿಸುವ ಹಾಗೆ ಹಂಚುತ್ತ ಹೋದಳು. ಹೂಡಿಕೆದಾರರಿಗೆ ಫೋನು ಮಾಡಿದ್ದು ಒಬ್ಬರಿಗೆ, ವಕೀಲರ ಬೆನ್ನು ಹತ್ತಿ ಕರಾರು ತಿದ್ದಿಸಿದ್ದು ಇನ್ನೊಬ್ಬರಿಗೆ, ತೆರಿಗೆಯ ಪತ್ರಗಳು ಮತ್ತೊಬ್ಬರಿಗೆ. ಎಲ್ಲಕ್ಕಿಂತ ಚೆನ್ನಾದದ್ದನ್ನು ವಿಟ್‌ಗೆ ಇಟ್ಟಳು. ಹದಿನಾರನೇ ತಾರೀಕು ನಗರವೆಲ್ಲ ಬಿರುಮಳೆಯಲ್ಲಿ ಮುಳುಗಿದ್ದಾಗ, ಟ್ಯಾಕ್ಸಿ ಸಿಗದೆ, ಕಾಗದಗಳನ್ನು ಕಪ್ಪು ಕಸದ ಚೀಲದಲ್ಲಿ ಸುತ್ತಿಕೊಂಡು, ಆರು ಹೂಡಿಕೆದಾರರ ಕಚೇರಿಗೆ ನಡೆದೇ ಹೋಗಿ, ಸಂಜೆ ಐದರೊಳಗೆ ಆರೂ ಸಹಿ ತಂದದ್ದು. ಅದು ತಪ್ಪಿದ್ದರೆ ನಿಧಿಯೇ ಹುಟ್ಟುತ್ತಿರಲಿಲ್ಲ. ಬರೆದು ಮುಗಿಸಿ ಓದಿಕೊಂಡಾಗ ಅವಳಿಗೇ ಹೆಮ್ಮೆಯಾಯಿತು.

ಬುಧವಾರ ತನ್ನ ಫಾರಂ ತೆಗೆದಳು. ಅದರಲ್ಲೂ ನಡೆದದ್ದನ್ನೇ ಬರೆದಳು: ಫೋನು, ವಕೀಲರು, ತೆರಿಗೆ ಪತ್ರ, ಮಳೆ, ಆರು ಸಹಿ. ಬರೆಯುವಾಗ ಒಂದು ಚೂರೂ ಕೈ ತಡೆಯಲಿಲ್ಲ. ಸುಳ್ಳು ಹೇಳುತ್ತಿದ್ದೇನೆಂದಾಗಲಿ, ಎರಡು ಸಲ ಹೇಳುತ್ತಿದ್ದೇನೆಂದಾಗಲಿ ಅವಳಿಗೆ ಅನ್ನಿಸಲೇ ಇಲ್ಲ. ಇಪ್ಪತ್ತಾರು ವರ್ಷ ಅವನ ಹೆಸರಿನಲ್ಲಿ ಬರೆದು ಬರೆದು, ಅವನು ಮಾಡಿದ್ದು, ತಾನು ಮಾಡಿದ್ದು ಎಂಬ ಎರಡು ಕಪಾಟುಗಳೇ ಅವಳ ತಲೆಯಲ್ಲಿ ಇರಲಿಲ್ಲ. ವಿಟ್‌ನೂ ಉಳಿದವರೂ ತಮ್ಮ ತಮ್ಮ ಫಾರಂಗಳಿಗೆ ಓದದೆ ಸಹಿ ಹಾಕಿದರು. ಅವಳದ್ದಕ್ಕೆ ಮೇಲಧಿಕಾರಿಯಾಗಿ ವಿಟ್ ಓದದೆಯೇ ಸಹಿ ಹಾಕಿದ. ಸಂಜೆ ಹನ್ನೊಂದನ್ನೂ ಅವಳೇ ಒಯ್ದು ಸಲ್ಲಿಸಿ ಬಂದಳು.

ಗುರುವಾರ ಹತ್ತು ಗಂಟೆಗೆ ಒಂಬತ್ತನೆಯ ಮಹಡಿಯಿಂದ ಕರೆ ಬಂತು.

ಒಂಬತ್ತನೆಯ ಮಹಡಿ ಎಂದರೆ ಡೆಸ್ಮಂಡ್ ರಾಮ್‌ಕಿಸೂನ್. ಬ್ಯಾಂಕಿನವರು ಕಾನೂನಿನ ಗೆರೆ ದಾಟದಂತೆ ಕಾಯುವುದು ಅವನ ಕೆಲಸ. ಗಯಾನಾದಿಂದ ಬಂದು ಕ್ವೀನ್ಸಿನ ರಿಚ್ಮಂಡ್ ಹಿಲ್ಲಿನಲ್ಲಿ ನೆಲೆಸಿದ ಮನೆತನ. ಮಧ್ಯಾಹ್ನ ಮೇಜಿನ ಮೇಲೇ ರೊಟ್ಟಿ, ಕುಂಬಳಕಾಯಿ ಪಲ್ಯ ತಿನ್ನುವವನು. ಮೆತ್ತಗೆ ಮಾತಾಡಿ ಗಟ್ಟಿಯಾಗಿ ಇಲ್ಲ ಅನ್ನುವವನೆಂದು ಹೆಸರಾಗಿದ್ದ. ಮೇಲಿನ ಮಹಡಿಯವರಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಫಿಲೊಮಿನಾಳಿಗೆ ಆಗುತ್ತಿತ್ತು, ಕೊಟ್ಟ ಪೆನ್ನನ್ನು ವಾಪಸ್ಸು ಮಾಡುವವನು ಆ ಕಟ್ಟಡದಲ್ಲಿ ಅವನೊಬ್ಬನೇ.

ಅವನು ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಓದಲು ಹೇಳಿದ. ಅವಳು ಓದಿದಳು. ಬ್ರಾಡ್ ಸ್ಟ್ರೀಟು ಅದೇ, ಕೆಟ್ಟು ನಿಂತ ಲಿಫ್ಟು ಅದೇ, ಕಸದ ಚೀಲವೂ ಅದೇ.

“ಆಲ್ಡರ್ಸಿಯವರು ಕಸದ ಚೀಲ ತಬ್ಕೊಂಡು ಮಳೇಲಿ ಓಡ್ತಿದ್ರು ಅಂತ ನಾನು ನಂಬಬೇಕು ಅಂದ್ರೆ ನಂಬ್ತೀನಿ, ಮಿಸ್ ಹ್ಯಾನ್ರಟಿ,” ಎಂದ ಡೆಸ್ಮಂಡ್. “ಆದ್ರೆ ನೀವೂ ಅದೇ ಚೀಲ ಹಿಡ್ಕೊಂಡಿದ್ದೀರಿ. ನಾನು ಕೇಳೋದು ಇಷ್ಟೇ. ಅವತ್ತು ನೆಂದಿದ್ದು ಯಾರು?”

ಅವನು ಮೆತ್ತಗೇ ವಿಷಯ ಹೇಳಿದ. ಫೋನು, ವಕೀಲರು, ತೆರಿಗೆ ಪತ್ರವನ್ನು ಹಲವರು ಹಂಚಿಕೊಂಡಿರಬಹುದು; ಆದರೆ ಒಬ್ಬರೇ ಮಾಡಬಹುದಾದ ಇಂಥ ಕೆಲಸವನ್ನು ಇಬ್ಬರು ತಮ್ಮದೆಂದರೆ ಅವನು ಇಬ್ಬರದ್ದನ್ನೂ ತಳ್ಳಿಹಾಕಬೇಕಾಗುತ್ತದೆ. ಫಾರಂಗಳನ್ನು ಸಲ್ಲಿಸಿದವಳು ಅವಳಾದ್ದರಿಂದ, ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ಎರಡರಲ್ಲಿ ಒಂದನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಬೇಕು. ಯಾವುದನ್ನು ಎಂದು ಅವನು ಹೇಳುವ ಹಾಗಿಲ್ಲ.

ಲಿಫ್ಟಿಗೆ ಕಾಯಲೂ ಆಗದೆ ಅವಳು ಐದು ಮಹಡಿ ಮೆಟ್ಟಿಲು ಹತ್ತಿದಳು. ತನ್ನ ಕುರ್ಚಿಯಲ್ಲಿ ಕೂತಳು, ಎದ್ದಳು. ಕಾಫಿ ಯಂತ್ರದ ತನಕ ಹೋಗಿ ಕಾಫಿ ತರದೆ ಬಂದಳು. ಕೆಳಗಿಳಿದು ವಾಟರ್ ಸ್ಟ್ರೀಟಿನಲ್ಲಿ ಕೋಟಿಲ್ಲದೆ ಒಂದು ಸುತ್ತು ಹಾಕಿದಳು, ಎರಡು ಸುತ್ತು ಹಾಕಿದಳು. ವಿಟ್‌ನದ್ದನ್ನು ವಾಪಸ್ಸು ತೆಗೆದುಕೊಂಡರೆ ಅವನ ಎಂಟನೆಯ ಕಲಮು ಖಾಲಿ. ಅವನ ಪಾಲು ಹೋಗುತ್ತದೆ. ತನ್ನದನ್ನು ತೆಗೆದುಕೊಂಡರೆ ಮನೆ ನೆಲದಲ್ಲೇ. ಯಾವ ಕಡೆ ಕಾಲಿಟ್ಟರೂ ನೀರು. ಅವನ ಮೇಲೆ ಅವಳಿಗೆ ಸಿಟ್ಟೂ ಬರಲಿಲ್ಲ. ಚಂಡಮಾರುತದ ಮಾರನೆಯ ದಿನ ಆ ಮನುಷ್ಯ ತಾನೇ ಕಾರು ಓಡಿಸಿಕೊಂಡು ಗೆರಿಟ್‌ಸನ್ ಬೀಚಿಗೆ ಬಂದು, ಅವಳನ್ನೂ ಊನಾಳನ್ನೂ ಕೆಸರಿನಿಂದ ಎತ್ತಿ ಕೂರಿಸಿಕೊಂಡು, ಆರು ವಾರ ಹೋಟೆಲಿನಲ್ಲಿ ಇಟ್ಟಿದ್ದ. ಆಮೇಲೆ ಒಂದು ದಿನವೂ ಅದರ ಮಾತೆತ್ತಿರಲಿಲ್ಲ. ಎತ್ತಿದ್ದರೆ ಎಷ್ಟು ಹಗುರವಾಗುತ್ತಿತ್ತು ಎಂದು ಅವಳಿಗೆ ಈಗ ಅನ್ನಿಸಿತು.

ಕೊನೆಗೆ ಅವಳು ಯಾವಾಗಲೂ ಮಾಡುವುದನ್ನೇ ಮಾಡಿದಳು. ಹೋಗಿ ವಿಟ್‌ಗೆ ಎಲ್ಲ ಹೇಳಿದಳು.

ವಿಟ್ ಬಾಗಿಲು ಹಾಕಿದ. ಕಿರುಚಲಿಲ್ಲ. ಕಿಟಕಿಯ ಹತ್ತಿರ ಹೋಗಿ ನದಿಯನ್ನು ನೋಡಿ ಬಂದ, ಮತ್ತೆ ಹೋದ. ಅವನ ಪಾಲು ಅವಳದ್ದರ ನಲವತ್ತು ಪಟ್ಟು ಇತ್ತು.

“ನಿನ್ನದನ್ನ ವಾಪಸ್ ತಗೋ, ಫಿಲ್,” ಎಂದ. “ಅಕ್ಟೋಬರ್‌ನಲ್ಲಿ ನಿನಗೆ ಎಷ್ಟು ಬರಬೇಕಿತ್ತೋ ಅಷ್ಟನ್ನೂ ನಾನು ಕೈಯಿಂದ ಕೊಡ್ತೀನಿ. ಒಂದು ಡಾಲರ್ ಕಮ್ಮಿ ಇಲ್ಲ. ನಿನ್ನ ಮನೆ ಎದ್ದೇ ಏಳುತ್ತೆ.”

ಅವನು ಮನಸ್ಸಿನಿಂದಲೇ ಹೇಳುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಆದರೂ ಅವಳ ನಾಲಗೆ ತಾನಾಗಿ ಒಂದು ಮಾತು ಕೇಳಿತು. ಇಷ್ಟು ವರ್ಷದಲ್ಲಿ ಅವನನ್ನು ಒಮ್ಮೆಯೂ ಕೇಳದ ಮಾತು.

“ಬರೆದುಕೊಡ್ತೀರಾ?”

“ಖಂಡಿತ. ನೀನೇ ಟೈಪ್ ಮಾಡ್ಕೊಂಡು ಬಾ. ಸಹಿ ಹಾಕ್ತೀನಿ.”

ಅವಳು ಹೊರಗೆ ಬಂದು ಕೂತು ಟೈಪು ಮಾಡತೊಡಗಿದಳು. ತಾರೀಕು ಹಾಕಿದಳು. ‘ವಿಟ್ ಆಲ್ಡರ್ಸಿ ಎಂಬ ನಾನು’ ಎಂದು ಹೊಡೆದಳು. ‘ನಾನು’ ಎಂಬಲ್ಲಿಗೆ ಬಂದು ಬೆರಳು ನಿಂತುಬಿಟ್ಟಿತು. ಈ ಕಾಗದ ಅಕ್ಟೋಬರಿನವರೆಗೆ ಎಲ್ಲಿರುತ್ತದೆ? ಅವಳ ಡ್ರಾಯರಿನಲ್ಲಿ. ವಿಟ್ ಮೋಸಗಾರನಲ್ಲ, ಆದರೆ ಮರೆಯುವವನು. ಸ್ವಂತ ಮಗಳ ಪದವಿ ಸಮಾರಂಭವನ್ನೇ ಮರೆತಿದ್ದವನು. ಅಕ್ಟೋಬರಿನಲ್ಲಿ ಅವನಿಗೆ ಯಾರಾದರೂ ನೆನಪಿಸಬೇಕು. ನೆನಪಿಸಲೆಂದೇ ಸಂಬಳ ಪಡೆಯುವವಳು ತಾನು. ‘ಬೆಳಿಗ್ಗೆ ಹತ್ತಕ್ಕೆ ದಂತವೈದ್ಯರು, ಹನ್ನೊಂದಕ್ಕೆ ಫಿಲ್‌ಗೆ ಹಣ ಕೊಡುವುದು’ ಎಂದು ಅವನ ಡೈರಿಯಲ್ಲಿ ತಾನೇ ಬರೆದಿಟ್ಟು, ಅವನು ಮುಂದಕ್ಕೆ ಹಾಕಿದರೆ ತಾನೇ ಮುಂದಕ್ಕೆ ಬರೆದು, ಮತ್ತೊಂದು ಸಲ ತಾನೇ ನೆನಪಿಸಿ, ಅವನು ‘ಯಾವುದು ಅದು?’ ಎಂದು ಕೇಳಿದಾಗ ತಾನೇ ವಿವರಿಸಬೇಕು. ಯೋಚಿಸುತ್ತಿದ್ದಂತೆ ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮೊದಲ ಬಾರಿಗೆ ಸಿಟ್ಟೂ ಬಂತು. ಅವನ ಮೇಲಲ್ಲ, ಆ ಹತ್ತು ಫಾರಂಗಳನ್ನು ಬರೆದ ತನ್ನ ಚೆಂದದ ಕೈಯ ಮೇಲೆ. ಟೈಪು ಮಾಡಿದ್ದನ್ನು ಅಳಿಸಿದಳು.

ಸಂಜೆ ಮನೆಗೆ ಹೋದ ಮೇಲೆ ಊನಾಗೆ ವಿಷಯ ಹೇಳಿದಳು. ಊನಾ ಆಲೂಗಡ್ಡೆ ಸುಲಿಯುತ್ತ ಎಲ್ಲ ಕೇಳಿ, ವಿಟ್‌ನ ಕೆಲಸ ಎಂದು ಇವಳು ಇಷ್ಟು ವರ್ಷ ಮನೆಗೆ ತಂದು ಹೇಳುತ್ತಿದ್ದುದೆಲ್ಲ ಹಾಗಾದರೆ ಯಾರದ್ದು ಎಂದು ಕೇಳಿದಳು. ಫಿಲೊಮಿನಾ ಎದ್ದು ಹೋಗಿ ಕಾಲುವೆ ನೋಡಿ ಬಂದಳು.

ಶುಕ್ರವಾರ ಒಂಬತ್ತು ಗಂಟೆಗೆ ಡೆಸ್ಮಂಡ್ ಕೋಟು ಬಿಚ್ಚುವ ಮೊದಲೇ ಅವಳು ಅವನ ಬಾಗಿಲಲ್ಲಿದ್ದಳು.

“ನೆಂದಿದ್ದು ನಾನು,” ಎಂದಳು. “ಆಲ್ಡರ್ಸಿಯವರ ಫಾರಂ ವಾಪಸ್ ಕೊಡಿ. ಉಳಿದ ಏಳು ಜನರದ್ದೂ ಕೊಡಿ.”

ಉಳಿದವರದ್ದು ಯಾಕೆಂದು ಅವನು ಕೇಳಿದ. ಎಲ್ಲವನ್ನೂ ಬರೆದವಳು ತಾನೇ ಎಂದು ಅವಳು ಹೇಳಿದಳು. ಅವನು ಕುರ್ಚಿಯಲ್ಲಿ ಕೂತು ಹಣೆ ಉಜ್ಜಿಕೊಂಡ. ಸುಳ್ಳು ಹೇಳಿಕೆ ತಯಾರಿಸಿದಳೆಂದು ಅವಳ ಮೇಲೇ ಮಾತು ಬರಬಹುದು, ಒಂದು ಎಚ್ಚರಿಕೆ ಪತ್ರವಂತೂ ಬಂದೇ ಬರುತ್ತದೆ, ಇನ್ನೊಮ್ಮೆ ಯೋಚಿಸಿ ಎಂದ.

“ಬರೆದಿದ್ದೆಲ್ಲ ನಿಜ, ಡೆಸ್ಮಂಡ್. ಹೆಸರುಗಳು ಮಾತ್ರ ತಪ್ಪು.”

ಡೆಸ್ಮಂಡ್ ಅವಳ ಫಾರಂ ಎಳೆದುಕೊಂಡು, ಎಂಟನೆಯ ಕಲಮನ್ನು ಇನ್ನೊಮ್ಮೆ ನಿಧಾನವಾಗಿ ಓದಿ, ಒಪ್ಪಿದೆ ಎಂದು ಮುದ್ರೆ ಒತ್ತಿದ. ಅಷ್ಟೇ. ಐದು ವರ್ಷದ ತಳಮಳ ಒಂದು ರಬ್ಬರ್ ಮುದ್ರೆಯ ಸದ್ದಿನಲ್ಲಿ ಮುಗಿಯಿತು. ಉಳಿದವರು ನಾಲ್ಕರೊಳಗೆ ಅವರವರೇ ತುಂಬಿ ಕೊಡಲಿ ಎಂದು ಅವನು ಎಂಟು ಹೊಸ ಫಾರಂಗಳನ್ನು ಅವಳ ಕೈಗಿತ್ತ.

ಆ ಖಾಲಿ ಫಾರಂಗಳನ್ನು ಹಿಡಿದುಕೊಂಡು ಅವಳು ಹದಿನಾಲ್ಕನೆಯ ಮಹಡಿಗೆ ಬಂದು, ಒಬ್ಬೊಬ್ಬರ ಮೇಜಿನ ಮೇಲೂ ಒಂದೊಂದು ಇಟ್ಟು, ಇದನ್ನು ತಾವೇ ತುಂಬಬೇಕಂತೆ ಎಂದಷ್ಟೇ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಮಹಡಿಯ ಬಣ್ಣವೇ ಬೇರೆಯಾಗಿತ್ತು. ದೊಡ್ಡ ದೊಡ್ಡವರು ಪೆನ್ನು ಕಚ್ಚುತ್ತ ಓಡಾಡುತ್ತಿದ್ದರು. ಒಬ್ಬ ಬಂದು ಆ ವರ್ಷ ತಾನು ಯಾವ ವಿಭಾಗದಲ್ಲಿದ್ದೆನೆಂದು ಕೇಳಿದ. ಇನ್ನೊಬ್ಬ, ಅವಳಿಗೆ ವಯಸ್ಸಾಯಿತು, ತಲೆ ಕೆಟ್ಟಿದೆ ಎಂದು ಅವಳಿಗೆ ಕೇಳಿಸುವ ಹಾಗೇ ಫೋನಿನಲ್ಲಿ ಹೇಳಿದ. ಇಬ್ಬರು ಮಾತ್ರ ಸುಮ್ಮನೆ ಪಾಲು ಬಿಟ್ಟುಕೊಡುತ್ತೇವೆಂದು ಬರೆದು ಕಳಿಸಿದರು. ವಿಟ್‌ನ ಬಾಗಿಲು ಹಾಕಿದ್ದು ಹಾಕಿದಂತೆಯೇ ಇತ್ತು. ಬೆಳಿಗ್ಗೆ ಅವಳು ಫಾರಂ ಇಟ್ಟಾಗ ಅವನು ಒಮ್ಮೆ ತಲೆ ಎತ್ತಿ ನೋಡಿದ್ದ. ಅವನ ಊಟದ ಹೊತ್ತು ಕಳೆಯಿತು. ಊಟಕ್ಕೆ ಹೋಗಲಿಲ್ಲ.

ಮೂರೂಕಾಲಿಗೆ ಬಾಗಿಲು ತೆರೆಯಿತು. ಈಗ ಬೈಗುಳ ಬರುತ್ತದೆಂದು ಅವಳು ಹಲ್ಲು ಕಚ್ಚಿ ಕೂತಳು. ವಿಟ್ ಬಂದವನು ಭೇಟಿಗೆ ಬಂದವರ ಕುರ್ಚಿಯನ್ನು ಎಳೆದುಕೊಂಡು ಅವಳ ಮೇಜಿನ ಪಕ್ಕ ಕೂತ. ಅಲ್ಲಿ ಅವನು ಎಂದೂ ಕೂತವನಲ್ಲ. ಕೈಯಲ್ಲಿ ಫಾರಂ ಇತ್ತು; ಎಂಟನೆಯ ಕಲಮು ಬೆಳ್ಳಗಿತ್ತು.

“ಸುಳ್ಳು ಬರಿ ಅಂತ ಕೇಳ್ತಿಲ್ಲ, ಫಿಲ್,” ಎಂದ. “ನಿಜವಾಗ್ಲೂ ನನಗೆ ನೆನಪಾಗ್ತಿಲ್ಲ. ಆ ತಿಂಗಳು ನಾನೇನು ಮಾಡಿದ್ದೆ?”

ಅವಳು ಡೈರಿ ತೆಗೆಯಲಿಲ್ಲ. ಬೇಕಾಗಿಯೇ ಇರಲಿಲ್ಲ. ಆ ಏಪ್ರಿಲ್ಲಿನಲ್ಲಿ ಅವನು ಹದಿಮೂರು ದಿನ ಫ್ಲಾರಿಡಾದಲ್ಲಿ ಮೀನು ಹಿಡಿಯುತ್ತಿದ್ದ. ಉಳಿದ ದಿನಗಳಲ್ಲಿ ಅವನಿದ್ದದ್ದು ಬೇರೆ ಕೆಲಸದ ಮೇಲೆ. ನಿಧಿಯ ಸಂಬಂಧವಾಗಿ ಅವನಿಂದ ಬಂದದ್ದು ಒಂದೇ ಒಂದು ಫೋನು.

“ಪಟ್ಟೀಲಿ ಹತ್ತು ಹೆಸರಿತ್ತು,” ಎಂದಳು. “ಎಲ್ಲ ನಿಮ್ಮಂಥವರದ್ದೇ. ನೀವು ದೋಣಿಯಿಂದ ಫೋನ್ ಮಾಡಿ ಇನ್ನೊಂದು ಸೇರಿಸು ಅಂದ್ರಿ. ಯಾರದ್ದು ಅಂದೆ. ನಿನ್ನದು ಅಂದ್ರಿ. ಸೆಕ್ರೆಟರಿಗಳಿಗೆ ಕೊಡೋ ಪದ್ಧತಿ ಇಲ್ಲ ಅಂದೆ. ನೀವು ಬೈದ್ರಿ.”

ವಿಟ್ ಖಾಲಿ ಕಲಮಿನ ಮೇಲೆ ಬೆರಳಿಟ್ಟ. “ಅದು ಕೆಲಸ ಅಂತ ಲೆಕ್ಕಕ್ಕೆ ಬರುತ್ತಾ?”

“ಬರಲ್ಲ, ವಿಟ್.”

ಹಾಗೆ ಹೇಳುವಾಗ ಅವಳ ಕಣ್ಣು ತುಂಬಿ ಬಂತು. ತಾನು ಮಾಡಿದ್ದು ಸರಿ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ವಿಟ್ ಅವಳ ಮೇಜಿನಿಂದಲೇ ಪೆನ್ನು ತೆಗೆದುಕೊಂಡ. ಎಂಟನೆಯ ಕಲಮಿನಲ್ಲಿ, ಶಾಲೆಯ ಹುಡುಗ ಬರೆಯುವಂತೆ ಬಗ್ಗಿ, ನಿಧಾನವಾಗಿ ಅದನ್ನೇ ಬರೆದ: ಫಿಲೊಮಿನಾ ಹ್ಯಾನ್ರಟಿಯ ಹೆಸರನ್ನು ಸೇರಿಸಲು ಹೇಳಿದೆ. ಅವನ ಕೈಬರಹವನ್ನು ಒಂದು ಪೂರ್ತಿ ವಾಕ್ಯದಷ್ಟು ಉದ್ದಕ್ಕೆ ಅವಳು ಇಪ್ಪತ್ತಾರು ವರ್ಷದಲ್ಲಿ ನೋಡಿರಲಿಲ್ಲ.

ಗಂಟೆ ಮೂರೂವರೆ ದಾಟಿತ್ತು. ಒಯ್ದು ಕೊಡಲು ಅವಳು ಅಭ್ಯಾಸದಂತೆ ಕೈ ಚಾಚಿದಳು. ವಿಟ್ ಫಾರಂ ಕೊಡಲಿಲ್ಲ. ಡೆಸ್ಮಂಡ್ ಎಂಬವನು ಯಾವ ಮಹಡಿಯಲ್ಲಿ ಕೂರುತ್ತಾನೆಂದು ಅವಳನ್ನು ಕೇಳಿ ತಿಳಿದುಕೊಂಡು, ತಾನೇ ಎದ್ದು ಹೋದ.